ಕುರಿದಾರಿಯ ಮುಲ್ಲರ್

ಊರಸಭೆಯಲ್ಲಿ ಹಿಂದಿನ ಬೆಂಚಿನಿಂದ ಯಾರೋ ಒಬ್ಬರು, "ಮೇಷ್ಟ್ರು ಒಂದಿನ ಸೈಕಲ್ ಹತ್ತಿ ನೋಡ್ಲಿ, ಆಮೇಲೆ ಮಾತಾಡ್ಲಿ" ಎಂದದ್ದೇ ಎಲ್ಲಕ್ಕೂ ಮೂಲವಾಯಿತು.

ಮೇಷ್ಟ್ರು ಎಂದರೆ ಲಿನಾರ್ಡ್ ಕಾಪಾಲ್. ಆಲ್ಪ್ಸ್ ಮಡಿಲಿನ ವಾಲ್ಮೂರದಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತರಾದವರು. ತಿದ್ದುವುದಕ್ಕೆ ಮಕ್ಕಳ ಪುಸ್ತಕಗಳಿಲ್ಲದ್ದರಿಂದ ಈಗ ಊರನ್ನೇ ತಿದ್ದುತ್ತಿದ್ದರು. ಬೆಟ್ಟದ ನೆತ್ತಿಯಿಂದ ಊರಿಗಿಳಿಯುವ ಕುರಿದಾರಿ ಒಬ್ಬರ ಹಿಂದೆ ಒಬ್ಬರು ಮಾತ್ರ ಹೋಗುವಷ್ಟು ಕಿರಿದು. ಅಲ್ಲಿ ಸೈಕಲ್ ನಿಷೇಧಿಸಬೇಕೆಂದು ನಡಿಗೆದಾರರ ಸಂಘದ ಅಧ್ಯಕ್ಷರಾಗಿ ಆರು ವರ್ಷದಲ್ಲಿ ನಲವತ್ತು ಅರ್ಜಿ ಬರೆದಿದ್ದರು. ಕೊನೆಯ ಅರ್ಜಿಯ ತೀರ್ಮಾನ ಶನಿವಾರ ಸಂಜೆ ಆರಕ್ಕೆ ಎಂದು ನಿಗದಿಯಾಗಿತ್ತು.

ಶನಿವಾರ ಬೆಳಿಗ್ಗೆ ಅವರು ಸೈಕಲ್ ಅಂಗಡಿಗೆ ಹೋಗಿ, ದಿನಪೂರ್ತಿ ಸವಾರಿಯ ಪಟ್ಟಿಯಲ್ಲಿ 'ಮುಲ್ಲರ್, ಜ್ಯೂರಿಕ್' ಎಂದು ಬರೆದರು. ಸವಾರರ ಅಪರಾಧಗಳನ್ನು ಕಣ್ಣಾರೆ ಕಂಡು, ಗಂಟೆ ನಿಮಿಷದ ಸಮೇತ ಟಿಪ್ಪಣಿ ಮಾಡಿಕೊಂಡು, ಸಂಜೆ ಸಭೆಯಲ್ಲಿ ಓದುವುದು ಅವರ ಉಪಾಯ. ಗುರುತು ಸಿಗದಿರಲೆಂದು ಗದ್ದದವರೆಗೆ ಮುಚ್ಚುವ ಹೆಲ್ಮೆಟ್ಟು, ಕಪ್ಪು ಕನ್ನಡಕ, ಮೊಣಕಾಲಿಗೆ ಚಿಪ್ಪು ಬಾಡಿಗೆಗೆ ಪಡೆದರು. ಕನ್ನಡಿಯಲ್ಲಿ ನೋಡಿಕೊಂಡರೆ, ಪಾತ್ರೆ ಅಂಗಡಿಗೆ ನುಗ್ಗಿ ಸಿಕ್ಕಿಕೊಂಡ ಕೊಕ್ಕರೆಯ ಹಾಗೆ ಕಂಡರು.

ಆರೇಳು ಸವಾರರ ಗುಂಪಿಗೆ ದಾರಿ ತೋರಿಸುವವಳು ಉರ್ಸಿನಾ, ಒಂದು ಕಾಲದಲ್ಲಿ ಅವರದೇ ನಾಲ್ಕನೇ ತರಗತಿಯವಳು. "ಮುಲ್ಲರ್ ಅವ್ರೇ, ಮೊದ್ಲು ಓಡ್ಸಿದೀರಾ?" ಎಂದು ಕೇಳಿದಳು. ಮೇಷ್ಟ್ರು ಪಟ್ಟಣದವರ ಹಾಗೆ ಮೂಗಿನಲ್ಲಿ, "ಸುಮಾರಾಗಿ" ಎಂದರು.

ಬೆಟ್ಟ ಹತ್ತುವ ರೋಪ್‌ವೇಯಲ್ಲಿ ಅವರ ಎದುರಿಗೆ ಕುಳಿತದ್ದು ಮೆಂಗಾ, ಅವರದೇ ಸಂಘದ ಉಪಾಧ್ಯಕ್ಷೆ. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ, ಕೆಳಗೆ ಮುನ್ನೂರು ಅಡಿ ಗಾಳಿ.

"ಸೈಕಲ್ಲವ್ರಾ?" ಎಂದಳು ಮೆಂಗಾ. ಮೇಷ್ಟ್ರು ದನಿ ಗುರುತಾದೀತೆಂದು ತಲೆಯಾಡಿಸಿದರು.

"ನಿಮ್ಮನ್ನ ಕಂಡ್ರೆ ನಂಗೆ ಆಗಲ್ಲ. ಆದ್ರೂ ನಮ್ಮ ಅಧ್ಯಕ್ಷರಿಗಿಂತ ವಾಸಿ ಬಿಡಿ. ನೀವು ಬರ್ ಅಂತ ಬಂದು ಬರ್ ಅಂತ ಹೋಗ್ತೀರಿ. ಆ ಮನುಷ್ಯ ಬಾಯಿ ತೆಗೆದ್ರೆ ಎರಡು ಗಂಟೆ. ನನ್ನ ಗಂಡ ಸತ್ತಾಗ ಸಂತಾಪ ಪತ್ರ ಬರೆದಿದ್ರು. ಜೊತೆಗೆ ನಾನು ಅಚ್ಚು ಹಾಕ್ಸಿದ್ದ ಸಾವಿನ ಕಾಗದನೂ ಕಳ್ಸಿದ್ರು, ಕೆಂಪು ಶಾಯೀಲಿ ಎರಡು ಅಲ್ಪವಿರಾಮ ಹಾಕಿ."

ಮೇಷ್ಟ್ರಿಗೆ ಆ ಅಲ್ಪವಿರಾಮಗಳು ನೆನಪಿದ್ದವು. ಅವು ಸರಿಯಾಗಿಯೇ ಇದ್ದವು. ಆದರೂ ಹೆಲ್ಮೆಟ್ಟಿನೊಳಗೆ ಕಿವಿ ಕಾದಂತಾಯಿತು.

ಮೇಲೆ ಸವಾರಿ ಶುರುವಾದ ಹತ್ತು ನಿಮಿಷದಲ್ಲಿ ಅವರು ಮೂರು ಸಲ ಬಿದ್ದರು: ಒಮ್ಮೆ ಕಲ್ಲಿನ ಮೇಲೆ, ಒಮ್ಮೆ ಹುಲ್ಲಿನ ಮೇಲೆ, ಒಮ್ಮೆ ನಿಂತಲ್ಲೇ. ಉರ್ಸಿನಾ ಪ್ರತಿ ಸಲವೂ ಬಂದು ಎಬ್ಬಿಸಿದಳು.

"ಬೀಳೋ ಜಾಗ ನೋಡ್ಬೇಡಿ. ಹೋಗೋ ಜಾಗ ನೋಡಿ. ಸೈಕಲ್ಲು ಕಣ್ಣು ಹೋದ ಕಡೆ ಹೋಗುತ್ತೆ."

ಮಧ್ಯಾಹ್ನ ಗುಡಿಸಲಂಥ ಹೋಟೆಲಿನಲ್ಲಿ ಬಾರ್ಲಿ ಸಾರು ಕುಡಿಯುತ್ತ ಮೇಷ್ಟ್ರು ಟಿಪ್ಪಣಿ ತೆರೆದರು. 'ಅಪರಾಧಗಳು' ಎಂಬ ತಲೆಬರಹದ ಕೆಳಗೆ ಒಂದಕ್ಷರವೂ ಇರಲಿಲ್ಲ. ಈ ಜನ ನಡೆಯುವವರನ್ನು ಕಂಡರೆ ಇಳಿದು ನಿಂತು ನಮಸ್ಕಾರ ಹೇಳುತ್ತಿದ್ದರು. ದನದ ಬೇಲಿಯ ಗೇಟುಗಳನ್ನು ಹಿಂದಿನವರು ತಪ್ಪದೆ ಮುಚ್ಚುತ್ತಿದ್ದರು. ಒಂದು ಗೇಟನ್ನು ಮುಚ್ಚದೆ ಬಂದದ್ದು ಮುಲ್ಲರ್ ಒಬ್ಬರೇ. ಅದನ್ನು ಬರೆಯುವುದೋ ಬೇಡವೋ ಎಂದು ಯೋಚಿಸಿ ಪೆನ್ನು ಮುಚ್ಚಿದರು.

ಊಟದ ನಂತರ ದಾರಿ ಲಾರ್ಚ್ ಮರಗಳ ಕಾಡು ಹೊಕ್ಕಿತು. ನೆಲ ಮೆತ್ತಗಿತ್ತು. ಒಂದು ತಿರುವಿನಲ್ಲಿ ಮೇಷ್ಟ್ರು ಹೋಗಬೇಕಾದ ಜಾಗವನ್ನೇ ನೋಡಿದರು. ಸೈಕಲ್ಲು ಹೇಳಿದ ಮಾತು ಕೇಳಿತು. ಮುಂದಿನ ತಿರುವಲ್ಲೂ ಕೇಳಿತು. ಅರವತ್ತಾರು ವರ್ಷದ ಅವರ ಗಂಟಲಿನಿಂದ 'ಹೂಯ್' ಎಂಬ ಸದ್ದು ಹೊರಟಿತು. ಯಾರದೆಂದು ಅವರೇ ತಿರುಗಿ ನೋಡಿದರು.

ನೋಡಬಾರದಿತ್ತು. ಮತ್ತೆ ಮುಂದಕ್ಕೆ ತಿರುಗುವಷ್ಟರಲ್ಲಿ ಉರ್ಸಿನಾಳನ್ನು ದಾಟಿಯಾಗಿತ್ತು, ಬ್ರೇಕಿನ ಮೇಲಿರಬೇಕಿದ್ದ ಬೆರಳು ಗಾಬರಿಯಲ್ಲಿ ಗಂಟೆ ಬಾರಿಸುತ್ತಿತ್ತು. ಎದುರಿಗೆ ದಾರಿಯ ಮೇಲೇ ಬಟ್ಟೆ ಹಾಸಿಕೊಂಡು ಮೆಂಗಾ ಕುಳಿತಿದ್ದಳು. ಬಟ್ಟೆಯ ಮೇಲೆ ಒಣಮಾಂಸ, ಚೀಸು, ಅಕ್ರೋಟಿನ ಕೇಕು. ಮೆಂಗಾ ಪಕ್ಕಕ್ಕೆ ಉರುಳಿ ಉಳಿದುಕೊಂಡಳು. ಕೇಕಿಗೆ ಆ ಅನುಕೂಲವಿರಲಿಲ್ಲ. ಮೇಷ್ಟ್ರು ಕ್ಷಮೆ ಕೇಳಲೆಂದು ಒಂದು ಕೈ ಎತ್ತಿದರು. ಹಿಂದಿನಿಂದ ನೋಡಿದವರಿಗೆ ಅದು ಗೆದ್ದವನ ಗತ್ತಿನಂತೆ ಕಾಣುತ್ತಿತ್ತು. ಮೆಂಗಾ ಮೊಬೈಲ್ ತೆಗೆದು ಫೋಟೋ ಹೊಡೆದಳು.

ಊರು ಮುಟ್ಟಿದಾಗ ಐದೂವರೆ. ಹೆಲ್ಮೆಟ್ಟು ಹಿಂದಿರುಗಿಸಿ ಮನೆಗೆ ನಡೆಯುತ್ತ ಮೇಷ್ಟ್ರು ಒಂದು ತೀರ್ಮಾನಕ್ಕೆ ಬಂದಿದ್ದರು. ಅರ್ಜಿ ವಾಪಸ್ಸು ತೆಗೆದುಕೊಳ್ಳಬೇಕು. ಮುಂದಿನ ಶನಿವಾರ ಮತ್ತೆ ಹೋಗಬೇಕು. ಮುಖ ತೊಳೆದು, ಕೋಟು ಹಾಕಿಕೊಂಡು ಸಭೆಗೆ ಓಡಿ ತಲುಪುವಷ್ಟರಲ್ಲಿ ಆರೂಕಾಲಾಗಿತ್ತು.

"ಅಧ್ಯಕ್ಷರೇ, ನನ್ನದೊಂದು ಮಾತು" ಎಂದು ಎದ್ದರು.

"ಕಷ್ಟಪಡಬೇಡಿ ಮೇಷ್ಟ್ರೇ" ಎಂದರು ಸಭಾಧ್ಯಕ್ಷರು. "ನಿಮ್ಮ ಅರ್ಜಿ ಪಾಸಾಯ್ತು. ನಿಜ ಹೇಳ್ಬೇಕಂದ್ರೆ ಈ ಸಲನೂ ತಳ್ಳಿಹಾಕೋರಿದ್ವಿ. ನಾಲ್ಕು ಗಂಟೆಗೆ ಮೆಂಗಾ ಇದನ್ನ ಕಳ್ಸಿದ್ರು."

ಗೋಡೆಯ ಮೇಲೆ ಆಳೆತ್ತರದ ಚಿತ್ರ ಮೂಡಿತು: ಬೆನ್ನು, ಎತ್ತಿದ ಕೈ, ಚಕ್ರಕ್ಕೆ ಮೆತ್ತಿಕೊಂಡ ಅರ್ಧ ಕೇಕು. ಸಭೆ ಲೊಚಗುಟ್ಟಿತು.

ಮುಲ್ಲರ್ ಎಂಬುದೊಂದನ್ನು ಬಿಟ್ಟರೆ ಸುಳ್ಳು ಮೇಷ್ಟ್ರಿಗೆ ಒಗ್ಗುತ್ತಿರಲಿಲ್ಲ.

"ಆ ಮನುಷ್ಯ ನಾನೇ" ಎಂದರು.

ಮೆಂಗಾಳೇ ಮೊದಲು ನಕ್ಕಳು. ಅವಳ ಹಿಂದೆ ಇಡೀ ಸಭೆ ಬೆಂಚು ಬಡಿದು ನಕ್ಕಿತು. ಸಭಾಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಇಷ್ಟು ವರ್ಷಕ್ಕೆ ಮೇಷ್ಟ್ರು ಒಂದು ಜೋಕು ಹೇಳಿದ್ರಪ್ಪಾ" ಎಂದಳು ಮೆಂಗಾ. "ನಾನು ಇವ್ರ ಬಗ್ಗೆ ಏನೇನೋ ಅಂದ್ಕೊಂಡಿದ್ದೆ."

"ಇನ್ಮೇಲೆ ದಾರಿ ಕಾಯೋರು ನೀವೇ ಮೇಷ್ಟ್ರೇ" ಎಂದರು ಸಭಾಧ್ಯಕ್ಷರು. "ಪ್ರತಿ ಶನಿವಾರ. ಫೋಟೋದಲ್ಲಿರೋ ಆ ಪುಣ್ಯಾತ್ಮನ್ನ ಹಿಡ್ಕೊಂಡು ಬರ್ಬೇಕು."

ಹೊರಗೆ ಮೆಟ್ಟಿಲ ಮೇಲೆ ಉರ್ಸಿನಾ ನಿಂತಿದ್ದಳು. ಕೋಪ ಮಾಡಿಕೊಂಡಂತೆ ಕಾಣಲಿಲ್ಲ, ದಣಿದಿದ್ದಳು.

"ಪಟ್ಟೀಲಿ ಹೆಸರು ಬರೆದಾಗ್ಲೇ ಗೊತ್ತಾಯ್ತು ಮೇಷ್ಟ್ರೇ. ನನ್ನ ಕಾಪಿ ಪುಸ್ತಕದ ತುಂಬ ಅದೇ ಅಕ್ಷರ ಇತ್ತಲ್ಲ. ಇವತ್ತು ಒಳಗೆ ನಾನು ಬಾಯಿಬಿಟ್ರೂ ಯಾರೂ ನಂಬ್ತಿರ್ಲಿಲ್ಲ."

ಮೇಷ್ಟ್ರು ತಲೆ ತಗ್ಗಿಸಿದರು. ಆಮೇಲೆ ಮೆಲ್ಲಗೆ ಕೇಳಿದರು: "ಪಕ್ಕದ ಕಣಿವೇಲೂ ಇಂಥದೊಂದು ದಾರಿ ಇದೆ ಅಂತಾರಲ್ಲಮ್ಮ. ಅಲ್ಲಿಗೆ ಕರ್ಕೊಂಡು ಹೋಗ್ತೀಯಾ?"

"ಇತ್ತು" ಎಂದಳು ಉರ್ಸಿನಾ. "ಹೋದ ವಾರ ಅಲ್ಲೂ ಮುಚ್ಚಿದ್ರು. ನಿಮ್ಮ ಅರ್ಜೀನೇ ಊರಿನ ಹೆಸರು ಬದಲಾಯಿಸಿ ಕೊಟ್ರಂತೆ. ಒಂದಕ್ಷರ ತಪ್ಪಿಲ್ಲ ಅಂತ ಅಲ್ಲಿ ಎಲ್ಲರೂ ಹೊಗಳಿದ್ರು."