ಜಲ್ಲಿಯಲ್ಲಿ ನಿಂತ ಗಾಡಿ

ವಾರವಿಡೀ ಆಮ್ಸ್ಟೆಲ್‌ವೀನ್‌ನಲ್ಲಿ ಕಂಪ್ಯೂಟರ್ ಮುಂದೆ ಕೂರುವ ನಾನು, ಶನಿವಾರ ಸಮುದ್ರದ ಪಕ್ಕದ ರೇಸ್ ಟ್ರ್ಯಾಕಿನಲ್ಲಿ ಹೊಸಬರ ಪಕ್ಕ ಕೂತು ಗಾಡಿ ಓಡಿಸೋದು ಕಲಿಸ್ತೀನಿ. ತಿರುವಿನಲ್ಲಿ ಒಬ್ಬರೂ ತಪ್ಪು ಮಾಡದ ಶನಿವಾರವನ್ನು ನಾನಿನ್ನೂ ನೋಡಿಲ್ಲ.

ಅರ್ಧ ಬ್ರೆಡ್ಡು

ಮೊದಲ ತಪ್ಪು ನನ್ನದೇ. ಆಗ ನಾನಿನ್ನೂ ಕಲೀತಿದ್ದೆ. ತಿರುವಿಗೆ ವಿಪರೀತ ಸ್ಪೀಡಾಗಿ ನುಗ್ಗಿದೆ, ಎರಡು ಚಕ್ರ ಹುಲ್ಲಿಗಿಳಿದವು. ಗಾಬರಿಯಾಗಿ ಸ್ಟೇರಿಂಗ್ ಎಳೆಯಬೇಕು ಅನ್ನುವಷ್ಟರಲ್ಲಿ ನನ್ನ ಡಚ್ ಮೇಷ್ಟ್ರು ಕೂಗಿದರು:

"ಎಳೀಬೇಡ! ನೇರ ಬಿಡು!"

ನೇರ ಬಿಟ್ಟೆ. ಗಾಡಿ, ತಪ್ಪಿದವರನ್ನು ತಡೆಯೋಕೆಂದೇ ಟ್ರ್ಯಾಕ್ ಪಕ್ಕ ಸುರಿದ ಜಲ್ಲಿಗಿಳಿದು ಮೆತ್ತಗೆ ಹೂತುಕೊಂಡಿತು.

"ಎಳೆದಿದ್ರೆ ಟ್ರ್ಯಾಕ್ ದಾಟಿ ಆ ಕಡೆ ಗೋಡೆಗೆ ಹೋಗ್ತಿದ್ವಿ. ಇದೇ ವಾಸಿ," ಅಂದರು. ನಾನು ಐದಾರು ಸಲ ಸಾರಿ ಕೇಳಿದೆ. ಅವರು ಜೇಬಿನಿಂದ ಚೀಸ್ ಬ್ರೆಡ್ ತೆಗೆದು, "ಎಳೆಯೋಕೆ ಟ್ರಾಕ್ಟರ್ ಬರಬೇಕು. ಅರ್ಧ ಬೇಕಾ?" ಅಂದರು.

ಈ ದೇಶಕ್ಕೆ ಬಂದು ಏಳು ವರ್ಷವಾಗಿತ್ತು. ಡಚ್ಚರೊಬ್ಬರು ನನ್ನ ಜೊತೆ ಊಟ ಹಂಚಿಕೊಳ್ಳೋಕೆ ನಾನು ಜಲ್ಲಿಗೆ ಬೀಳಬೇಕಾಯ್ತು.

ಎಲ್ಲಿಗೆ ಹೋಗಬೇಕು?

ಡೆಲ್ಫ್ಟ್‌ನಲ್ಲಿ ಪಿಎಚ್‌ಡಿ ಮಾಡುವ ಮೈಸೂರಿನ ಹುಡುಗನೊಬ್ಬ ಬಂದಿದ್ದ. ಟೈರಿನ ಹಿಡಿತದ ಲೆಕ್ಕವನ್ನೆಲ್ಲ ಟಿಶ್ಯೂ ಪೇಪರ್ ಮೇಲೆ ನನಗೇ ಬರೆದು ತೋರಿಸಿದ. ಆದರೆ ತಿರುವಿನ ಮಧ್ಯೆ ಹೆದರಿ, ಆಕ್ಸಿಲರೇಟರ್‌ನಿಂದ ಕಾಲು ಫಟ್ಟನೆ ತೆಗೆದುಬಿಟ್ಟ. ಹಿಂಭಾಗ ಜಾರಿತು.

"ಎಲ್ಲಿಗೆ ಹೋಗಬೇಕೋ ಅಲ್ಲೇ ನೋಡು! ಕೈ ತಾನಾಗೇ ಹೋಗತ್ತೆ!" ಅಂತ ಕಿರುಚಿದೆ.

ಗಾಡಿ ಸೀದಾ ಹುಲ್ಲಿಗೆ ಹೋಗಿ ನಿಂತಿತು.

"ಎಲ್ಲಪ್ಪಾ ನೋಡ್ತಿದ್ದೆ?"

"ಪಾರ್ಕಿಂಗ್ ಕಡೆ ಸರ್," ಅಂದ ವಿನಯದಿಂದ. "ನಂಗೆ ಹೋಗಬೇಕಿದ್ದಿದ್ದೇ ಅಲ್ಲಿಗೆ."

ಅಮ್ಮನ ಎರಡು ಕಾಲು

ರಾಟರ್‌ಡ್ಯಾಮ್‌ನಿಂದ ಉಡುಪಿ ಕಡೆಯ ಒಬ್ಬರು ಅಮ್ಮ ಬಂದರು. ವಯಸ್ಸು ಅರವತ್ತು ದಾಟಿದೆ. ಹೋದ ಚಳಿಗಾಲ ಅವರ ಕಾರು ಮಂಜುಗಟ್ಟಿದ ತಿರುವಿನಲ್ಲಿ ಜಾರಿ ಬೇಲಿಗೆ ಗುದ್ದಿತ್ತು. ಪೆಟ್ಟಾಗಿರಲಿಲ್ಲ, ಆದರೆ ಅವತ್ತಿನಿಂದ ಅವರು ಕಾರಿನ ಕೀ ಮುಟ್ಟಿರಲಿಲ್ಲ. ಮಗಳು ಹಟ ಹಿಡಿದು ಕರೆತಂದಿದ್ದಳು.

ನೀರು ಬಿಟ್ಟು ಜಾರುವಂತೆ ಮಾಡಿದ ಜಾಗದಲ್ಲಿ ನಮ್ಮ ಪಾಠ. "ಗಾಡಿ ಸುತ್ತೋಕೆ ಶುರುವಾದ್ರೆ ಹೋರಾಡಬೇಡಿ ಅಮ್ಮಾ. ಕ್ಲಚ್ಚು, ಬ್ರೇಕು ಎರಡೂ ಗಟ್ಟಿಯಾಗಿ ಒತ್ತಿ. ನಿಂತ ಮೇಲೆ ಸುತ್ತ ನೋಡಿ, ಆಮೇಲೆ ಹೊರಡಿ."

ಅವರು ಸೀಟ್ ಬೆಲ್ಟನ್ನು ಎರಡು ಸಲ ಎಳೆದು ನೋಡಿದರು. "ನನ್ನಿಂದ ಆಗ್ತದಾ?" ಅಂದರು.

"ನಾನಿದ್ದೀನಲ್ಲ," ಅಂದೆ ಧೈರ್ಯವಾಗಿ.

ಮೊದಲ ತಿರುವಿನಲ್ಲೇ ಗಾಡಿ ಬುಗುರಿಯಂತೆ ತಿರುಗಿತು. ಒಂದು ಸುತ್ತು, ಮತ್ತೆ ಅರ್ಧ. ಯಾರೋ "ಅಯ್ಯೋ ಅಮ್ಮಾ!" ಅಂತ ಕೂಗಿದರು.

ಅಮ್ಮ ಎರಡೂ ಕಾಲು ಊರಿ ನೆಟ್ಟಗೆ ಕೂತಿದ್ದರು. ಬಂದ ದಿಕ್ಕಿಗೇ ಮುಖ ಮಾಡಿ ಗಾಡಿ ನಿಂತಿತ್ತು. ಕನ್ನಡಿ ನೋಡಿದರು, ಎಡಬಲ ನೋಡಿದರು, ಗೇರ್ ಹಾಕಿ ನಿಧಾನಕ್ಕೆ ತಿರುಗಿಸಿದರು. ಮುಖದ ತುಂಬ ನಗು.

"ಆಯ್ತಲ್ಲ ಮಾರಾಯ್ರೆ! ಬೇಲಿಯೂ ಇಲ್ಲ, ಎಂಥದೂ ಇಲ್ಲ!"

"ಸೂಪರ್ ಅಮ್ಮಾ, ಒಂಚೂರೂ ತಪ್ಪಿಲ್ಲ!" ಅಂದೆ.

ಅವರು ನನ್ನನ್ನೇ ಒಂದು ಕ್ಷಣ ನೋಡಿದರು.

"ಇನ್ನೊಂದು ರೌಂಡ್ ಹೋಗುವಾ," ಅಂದರು. "ಈ ಸಲ ನೀವು ಕಣ್ಣು ಬಿಟ್ಟು ಕೂತ್ಕೊಳ್ಳಿ."