ಮುದ್ದೇಬಿಹಾಳದ ಒಂದಾಣೆ ಬಿಲ್ಲೆ

ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ನಾಲ್ಕೂ ಊರಿನ ಯುದ್ಧಕಾಲದ ಬಿಲ್ಲೆಗಳನ್ನು ಕೂಡಿಹಾಕಿಯೇ ತೀರುತ್ತೇನೆಂದು ಎಪ್ಪತ್ತೈದರ ಬೇಸಿಗೆಯಲ್ಲಿ ನಾನು ಘೋಷಿಸಿಬಿಟ್ಟೆ! ಎರಡನೇ ಮಹಾಯುದ್ಧದಲ್ಲಿ ಚಿಲ್ಲರೆ ಮಾಯವಾದಾಗ ಅಂಗಡಿಯವರು ತಮ್ಮ ಹೆಸರೊತ್ತಿದ ಬಿಲ್ಲೆ ಕೊಟ್ಟು, "ಮುಂದಿನ ಸಲ ಇದಕ್ಕ ಸಾಮಾನು ಒಯ್ರಿ" ಅನ್ನುತ್ತಿದ್ದರಂತೆ. ಸರಕಾರದ ಮುದ್ರೆಯಿಲ್ಲದ ಆ ತಗಡನ್ನು ಜನ ಹೇಗೆ ನಂಬಿದರು? ಈ ಕುತೂಹಲ ನನ್ನ ತಲೆ ತಿನ್ನುತ್ತಿತ್ತು. ಮೂರು ಊರಿನವು ಕೈಸೇರಿದವು: ಇಂಡಿಯದು ಚೌಕ, ಸಿಂದಗಿಯದಕ್ಕೆ ನಡುವೆ ತೂತು, ಬಾಗೇವಾಡಿಯದು ಬರೀ ರಟ್ಟು. ಮುದ್ದೇಬಿಹಾಳದ್ದೊಂದೇ ಬಾಕಿ!

ಅದು ಸಿಕ್ಕಿದ್ದು ನಮ್ಮ ಮನೆಯಲ್ಲೇ, ಅತ್ತೆ ಶೇವಂತೆವ್ವನವರ ಎಲೆಯಡಿಕೆ ಸಂಚಿಯಲ್ಲಿ! ಹಿತ್ತಾಳೆ. ಒಂದಾಣೆ. ಯಾಕೂಬಸಾಬರ ಕಿರಾಣಿ ಅಂಗಡಿ.

"ಅತ್ತಿ, ಇದನ್ನ ನನಗ ಕೊಡ್ರಿ."

"ಯಾಕ? ನಿಮ್ಮ ಮಾವ 'ರೊಕ್ಕಲ್ಲ, ತಗಡು' ಅಂತ ಒಗದಿದ್ರು. ಒಂದಾಣೆ ಚಹಾಪುಡಿ ತರಬೇಕಂತ ನಾ ಆರಿಸಿ ಇಟ್ಕೊಂಡೇನಿ. ಆಗ ಚಹಾ ಗಂಡಸರಿಗಷ್ಟ. ನಾವು ಕಾಸೂದು, ವಾಸನಿ ಕುಡಿಯೂದು!"

"ಮತ್ತ ಯಾಕ ತರಲಿಲ್ರಿ?"

"ರೊಟ್ಟಿ ಬಡಿಯೂದು ಮುಗಿದ್ರಲ್ಲ, ಪ್ಯಾಟಿಗೆ ಹೋಗೂದು?"

ಅತ್ತೆ ಬಿಲ್ಲೆ ಬಿಟ್ಟುಕೊಡಲಿಲ್ಲ; ಯಾಕೂಬಸಾಬರ ಹತ್ತಿರ ಇನ್ನೊಂದು ಸಿಕ್ಕೀತೆಂದು, ಗುರುತಿಗೆ ಅತ್ತೆಯನ್ನೂ ಕರೆದುಕೊಂಡು ಮುದ್ದೇಬಿಹಾಳದ ಬಸ್ಸು ಹತ್ತಿದೆ. ಹಣ್ಣು ಮುದುಕರಾಗಿದ್ದ ಸಾಬರು ಅಂಗಡಿಯ ಗಾದಿಯ ಮೇಲೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಬಿಲ್ಲೆಯನ್ನು ಅವರ ಮುಂದೆ ಟಪ್ಪನೆ ಇಟ್ಟರು.

"ಒಂದಾಣೆ ಚಹಾಪುಡಿ ಕೊಡ್ರಿ. ಆಗಿನ ದರದಾಗ!"

ಸಾಬರು ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡರು. "ಇದು ತಗಡಲ್ರಿ ಅವ್ವಾರ, ನನ್ನ ನಾಲಿಗಿ! ತಗೋರಿ."

ಪೊಟ್ಟಣ ಕಟ್ಟಿಕೊಟ್ಟವರೇ ಸುತ್ತಿಗೆ ತೆಗೆದು, ಠಣ್ ಠಣ್! ಹೆಸರು, ಆಣೆ, ಇತಿಹಾಸ ಎಲ್ಲ ಚಪ್ಪಟೆ!

"ಅಯ್ಯೋ! ಏನ ಮಾಡಿದ್ರಿ! ಅದು ನನಗ ಬೇಕಿತ್ರಿ!"

"ತೀರಿದ ಬಿಲ್ಲಿ ಹಿಂಗ ಬಡದ ಬಿಡ್ತೇವ್ರಿ ತಂಗಿ. ಮತ್ತ ಯಾರರ ತಂದು ಪುಡಿ ಕೇಳಿದ್ರ?"

"ಬ್ಯಾರೆ ಅದಾವೇನ್ರಿ?"

"ಇದೊಂದ ಬರೂದಿತ್ತು. ಮೂವತ್ತು ವರ್ಷ ಹಾದಿ ಕಾದೆ. ಇವತ್ತ ಹಗುರಾದೆ ನೋಡ್ರಿ!"

ಜನ ಹೇಗೆ ನಂಬಿದರೆಂಬುದು ತಿಳಿಯಿತು. ಬಿಲ್ಲೆ ಮಾತ್ರ ಹೋಯಿತು!

ಮನೆಗೆ ಬಂದು ಅದೇ ಪುಡಿಯಲ್ಲಿ ಚಹಾ ಕಾಸಿದೆ. ಮಹಿಳಾ ಮಂಡಳದಲ್ಲಿ ಸಮಾನತೆಯ ಭಾಷಣ ಬಿಗಿಯುವವಳು ನಾನು. ಆದರೂ ಕೈ ತಾನಾಗಿಯೇ ಮೊದಲ ಕಪ್ಪನ್ನು ಪೇಪರು ಓದುತ್ತಿದ್ದ ಗಂಡನ ಮುಂದೆ ಇಟ್ಟಿತು!

ಅತ್ತೆ ಅದನ್ನೆತ್ತಿಕೊಂಡರು. "ನಿನ್ನ ಬಿಲ್ಲಿ ಎಲ್ಲೈತೋ?" ಎಂದು ಮಗನನ್ನು ಗದರಿಸಿ, ಕಪ್ಪನ್ನು ನನ್ನ ಕೈಗಿಟ್ಟರು.

"ಊರೂರಿನ ತಗಡು ಆಮ್ಯಾಲೆ ಹುಡುಕಂತಿ. ಮೊದಲ ಕುಂತು ಕುಡಿಯೂದು ಕಲಿ!"