ಹೊಗೆ ಕೊಳವೆಯ ನಿವಾಸಿ ಆಕ್ಸಿಜನ್ ಸೆನ್ಸರ್ ಅವರ ಸನ್ನಿಧಾನಕ್ಕೆ

ಮಾನ್ಯರೇ,

ಕಾರಿನ ಹೊಗೆ ಕೊಳವೆಯಲ್ಲಿ, ಕಾದ ಹೆಂಚಿಗಿಂತ ಬಿಸಿಯಾದ ಜಾಗದಲ್ಲಿ, ರಜೆ ಕೇಳದೆ ಕುಳಿತು, ಎಂಜಿನ್ ಬಿಟ್ಟ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆಯೆಂದು ಮೂಸಿ ವರದಿ ಒಪ್ಪಿಸುವ ತಮಗೆ, ಆ ವರದಿಯನ್ನು ನಂಬಿ ಮುಖಕ್ಕೆ ಮಸಿ ಬಳಿದುಕೊಂಡ ಕಾರಿನ ಮಾಲೀಕನ ಅನಂತ ನಮಸ್ಕಾರಗಳು.

ತಮಗೆ ತಿಳಿಯದೇ ಇರಬಹುದಾದ ಸಂಗತಿಯೆಂದರೆ, ನನ್ನ ಅತ್ತೆಯವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ, "ಇನ್ಮೇಲೆ ನನ್ನನ್ನ ಅಲ್ಲಿ ಬಿಡಿ ಇಲ್ಲಿ ಬಿಡಿ ಅಂತ ಯಾರ ಹತ್ರಾನೂ ಗೋಗರೆಯೋಲ್ಲ" ಎಂದು ಸಾರಿ, ಛಲ ಹಿಡಿದು ಡ್ರೈವಿಂಗ್ ಕಲಿತರು. ಪರೀಕ್ಷೆಗೆ ನಮ್ಮ ಹಳೆಯ ಕಾರೇ ಎಂದಾದಾಗ, ಅದು ನಡುರಸ್ತೆಯಲ್ಲಿ ಮುಗ್ಗರಿಸಿ ಅಳಿಯನ ಮಾನ ಕಳೆಯದಿರಲೆಂದು ನಾನು ಕಾರಿನ ಕಂಪ್ಯೂಟರಿಗೆ ಲ್ಯಾಪ್‌ಟಾಪ್ ಜೋಡಿಸಿ ತಮ್ಮ ಅಭಿಪ್ರಾಯ ಕೇಳಿದೆ. ಗಾಳಿ ಹೆಚ್ಚು, ಪೆಟ್ರೋಲ್ ಸಾಲದು ಎಂದಿರಿ. ಹೆಚ್ಚಿಸಿದೆ. ಇನ್ನೂ ಸಾಲದು ಎಂದಿರಿ. ಮತ್ತೆ ಹೆಚ್ಚಿಸಿದೆ. ಊಟಕ್ಕೆ ಬಂದ ನೆಂಟರೂ ಒಂದು ಹಂತದಲ್ಲಿ ಕೈ ಅಡ್ಡ ಹಿಡಿದು ಸಾಕೆನ್ನುತ್ತಾರೆ. ತಾವು ಮಾತ್ರ ಬಡಿಸಿದಷ್ಟೂ ಬೇಕೆಂದಿರಿ.

ಪರೀಕ್ಷೆಯ ಮೈದಾನದಲ್ಲಿ ಅತ್ತೆಯವರು ಕ್ಲಚ್ ಬಿಟ್ಟದ್ದು ಬೆಣ್ಣೆಯಷ್ಟು ಮೃದುವಾಗಿ. ಆದರೆ ಹಿಂದಿನಿಂದ ಎದ್ದ ಕರಿಹೊಗೆಯಲ್ಲಿ ಪರೀಕ್ಷಾಧಿಕಾರಿಗಳು ಅವರ ಬಿಳಿ ಅಂಗಿಯ ಸಮೇತ ಮರೆಯಾದರು. "ನೀವು ಚೆನ್ನಾಗೇ ಓಡಿಸ್ತಿರಬಹುದು ಅಮ್ಮಾ, ಆದ್ರೆ ನೀವೇ ನನಗೆ ಕಾಣಿಸ್ತಿಲ್ವಲ್ಲ" ಎಂದು ಕೆಮ್ಮುತ್ತಾ ನಮ್ಮನ್ನು ವಾಪಸು ಕಳಿಸಿದರು. ದಾರಿಯುದ್ದಕ್ಕೂ ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಿದ್ದು ಹೊಗೆಗೋ ನಗುವಿಗೋ, ಕೇಳುವ ಧೈರ್ಯ ನನಗಿರಲಿಲ್ಲ.

ಕಾರು ತಣ್ಣಗಾದ ಮೇಲೆ ಅತ್ತೆಯವರೇ ಮುಂದೆ ಬಂದು, "ಬನ್ನಿ, ನಾನು ಸ್ಟಾರ್ಟ್ ಮಾಡ್ತೀನಿ, ನೀವು ಕೆಳಗೆ ತೂರಿ ನೋಡಿ" ಎಂದರು. ಅಂಗಾತ ಮಲಗಿ ಕೊಳವೆಯ ಜೋಡಣೆಗಳಿಗೆಲ್ಲ ಸೋಪಿನ ನೀರು ಸವರುತ್ತಾ ಬಂದರೆ, ತಮ್ಮ ನೆತ್ತಿಯ ಮೇಲಿನ ಜೋಡಣೆಯಲ್ಲೇ ಗುಳ್ಳೆಗಳು ಬುಳುಬುಳು ಎದ್ದವು. ಅಲ್ಲಿ ಸಂದು ಮುಚ್ಚುವ ಗ್ಯಾಸ್ಕೆಟ್ ಸೀಳಿಹೋಗಿತ್ತು. ಹೊಗೆ ಹೊರನುಗ್ಗುತ್ತಿದ್ದ ಆ ಸೀಳಿನಿಂದಲೇ, ಎಂಜಿನ್ನಿನ ಎರಡು ಉಸಿರಿನ ನಡುವೆ, ಹೊರಗಿನ ಗಾಳಿ ಒಳನುಸುಳಿ ನೇರವಾಗಿ ತಮ್ಮ ಮೂಗಿಗೆ ಬಡಿಯುತ್ತಿತ್ತು. ಅಂದರೆ ತಾವು ಒಂದಕ್ಷರವೂ ಸುಳ್ಳು ಹೇಳಿರಲಿಲ್ಲ. ನನ್ನ ದೂರು ಇರುವುದೇ ಅಲ್ಲಿ! ತಾವು ಸುಳ್ಳುಗಾರರಾಗಿದ್ದರೆ ಕಿತ್ತೆಸೆದು ನೆಮ್ಮದಿಯಾಗಿರುತ್ತಿದ್ದೆ. ಇಷ್ಟು ಸತ್ಯವಂತರನ್ನು ಬೈಯುವುದಾದರೂ ಹೇಗೆ?

ಹೊಸ ಗ್ಯಾಸ್ಕೆಟ್ ಕೂರಿಸಿ, ಹೆಚ್ಚಿಸಿದ ಪೆಟ್ರೋಲನ್ನೆಲ್ಲ ಇಳಿಸಿದಾಗ ತಮ್ಮ ವರದಿ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಎಂದು ಉಯ್ಯಾಲೆಯಂತೆ ತೂಗಿತು; ಆರೋಗ್ಯದ ಲಕ್ಷಣವೇ ಅದಂತೆ. ಅತ್ತೆಯವರು ಅದೇ ಅಧಿಕಾರಿಗಳ ಮುಂದೆ ರಿವರ್ಸಿನಲ್ಲಿ ಒಂದು ಕಂಬವನ್ನೂ ಮುಟ್ಟದೆ ಪಾಸಾದರು. ಇಳಿದು ಬಂದವರ ಕಣ್ಣು ಒದ್ದೆಯಾಗಿತ್ತು, ಈ ಸಲ ಹೊಗೆಯಿಂದಲ್ಲ. ಕೀಲಿಗೆ ಕೈ ಚಾಚಿದ ನನ್ನನ್ನು ಹಿಂದಿನ ಸೀಟಿಗೆ ಕಳಿಸಿ ಮನೆಗೆ ಕರೆತಂದರು.

ಆದ್ದರಿಂದ ತಮ್ಮಲ್ಲಿ ಬಿನ್ನಹವೇನೆಂದರೆ, ಇನ್ನು ಮುಂದೆ ಗಾಳಿ ಬಂದಿದೆ ಎಂದಷ್ಟೇ ಹೇಳದೆ, ಯಾವ ಬಾಗಿಲಿನಿಂದ ಬಂತೆಂಬುದನ್ನೂ ವಿಚಾರಿಸಿ ತಿಳಿಸತಕ್ಕದ್ದು. ಬಿಡುವಾದರೆ ನಮ್ಮ ಊಟದ ಮೇಜಿನ ಬಳಿಯೂ ಒಂದು ವಾರ ಕುಳಿತು, ಅತ್ತೆ, ಅಳಿಯ, ಮಗಳ ಮಾತಿನಲ್ಲಿ ಯಾರದು ಹೆಚ್ಚಾಯಿತೆಂದು ವರದಿ ಕೊಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ, ಬೇರೆ ಗತಿಯಿಲ್ಲದೆ ಇನ್ನೂ ವಿಶ್ವಾಸವಿಟ್ಟಿರುವ,
ಅಳಿಯ

ತಾ.ಕ.: ಅದೇ ಕೊಳವೆಯಲ್ಲಿ, ತಮಗಿಂತ ಸ್ವಲ್ಪ ಹಿಂದೆ, ತಮ್ಮದೇ ಕುಲದ ಇನ್ನೊಬ್ಬ ಸೆನ್ಸರ್ ಇದ್ದಾರೆಂದು ಈಗ ತಿಳಿಯಿತು. ಈ ಪತ್ರದ ಒಂದು ಪ್ರತಿಯನ್ನು ಅವರಿಗೂ ಕಳಿಸಿದ್ದೇನೆ. ಬಡ್ತಿಗಾಗಿ ಬಹಳ ಕಾಲದಿಂದ ಕಾಯುತ್ತಿದ್ದಾರಂತೆ.